ಚರಗ ಬೀಳದ ಹೊಲ

“ಈ ರಸ್ತಾ ನೆಟ್ಟಗ ಆಗಂಗಿಲ್ಲ. ನಾ ಇದ್ರೂ ಆಗಂಗಿಲ್ಲ, ನಾ ಹೋದ್ರೂ ಆಗಂಗಿಲ್ಲ” ಎಂದವರು ನಮ್ಮೂರ ಸಾಹುಕಾರರು. ಅಂದದ್ದು ಗ್ರಾಮಸಭೆಯಲ್ಲಿ, ಶಾಲೆಯ ಅಂಗಳದಲ್ಲಿ ಊರೆಲ್ಲ ಕೂತಿದ್ದಾಗ. ಅವರ ಮಾತು ಮುಗಿಯುವ ಮೊದಲೇ ಮೇಜಿನ ಮೇಲೆ ಒಂದು ಅಂಗೈ ಬಿತ್ತು. ಅಗಲವಾದ ಕೈ. ಮಣಿಕಟ್ಟಿನಿಂದ ಮೊಣಕೈವರೆಗೆ ಹಸಿರು ಹಚ್ಚೆ, ಉಗುರಿನ ಸಂದಿಯಲ್ಲಿ ಜೋಳದ ಹಿಟ್ಟು. ರೊಟ್ಟಿ ಬಡಿಯುವಾಗ ಬರುತ್ತದಲ್ಲ, ಅದೇ ಸದ್ದು. ಪಿಡಿಒ ಸಾಹೇಬರ ಚಹಾ ಚೆಲ್ಲಿತು.

ಅದು ನಮ್ಮ ಪಕ್ಕದ ಮನೆಯ ದೊಡ್ಡವ್ವನ ಕೈ. ನಮಗೂ ಅವಳಿಗೂ ರಕ್ತಸಂಬಂಧವಿಲ್ಲ. ಅವ್ವ, ಅಪ್ಪ ಇಬ್ಬರೂ ಕೂಲಿಗೆ ಹೋಗುತ್ತಿದ್ದುದರಿಂದ ನಾನು ಅವಳ ಒಲೆಯ ಮುಂದೆಯೇ ದೊಡ್ಡವಳಾದೆ. ಅಷ್ಟೇ ಸಂಬಂಧ, ಅದೇನು ಕಡಿಮೆಯದಲ್ಲ.

ಪಂಚಾಯಿತಿ ಸೀಟು ಹೆಣ್ಣುಮಕ್ಕಳಿಗೆ ಮೀಸಲಾದಾಗ ದೊಡ್ಡವ್ವ ನಿಂತು ಗೆದ್ದಳು. ಮೊದಲ ಮೀಟಿಂಗಿಗೆ ದೊಡ್ಡಪ್ಪ ಇಸ್ತ್ರಿ ಅಂಗಿ ತೊಟ್ಟು ಹೊರಟಿದ್ದ. ಗೆದ್ದವಳು ಮನೆಯಲ್ಲಿ, ಗಂಡ ಕುರ್ಚಿಯಲ್ಲಿ, ಎಷ್ಟೋ ಊರುಗಳಲ್ಲಿ ಹಾಗೇ ನಡೆಯುತ್ತಿತ್ತು. ದೊಡ್ಡವ್ವ ಬಾಗಿಲಿಗೆ ಅಡ್ಡ ನಿಂತಳು.

“ಹೋಗ್ರಿ, ನಾ ಬ್ಯಾಡನ್ನಂಗಿಲ್ಲ. ಆದ್ರ ಮೊದ್ಲ ಈ ಹಿಟ್ಟು ನಾದಿ ರೊಟ್ಟಿ ಬಡದಿಟ್ಟು ಹೋಗ್ರಿ. ನನ್ನ ಕೆಲಸ ನೀವು ಮಾಡ್ತೀರಂದ ಮ್ಯಾಲ ಎಲ್ಲಾನೂ ಮಾಡ್ರಿ.”

ದೊಡ್ಡಪ್ಪ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ಅವನೇ ಈ ಕತೆಯನ್ನು ಊರಿಗೆಲ್ಲ ನಗುನಗುತ್ತ ಹೇಳುತ್ತಿದ್ದ.

ಮೀಟಿಂಗಿನಲ್ಲಿ ದೊಡ್ಡವ್ವ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಎರಡೂ ಕಾಲು ಮಡಚಿ, ಕಟ್ಟೆಯ ಮೇಲೆ ಕೂತಂತೆ ಕೂಡುತ್ತಿದ್ದಳು. ಪಿಡಿಒ ಇರಲಿ, ತಹಶೀಲ್ದಾರರೇ ಬರಲಿ, ಎಲ್ಲರೂ ಅವಳಿಗೆ “ತಮ್ಮಾ”. ಯಾರಾದರೂ ಉದ್ದಕ್ಕೆ ಮಾತಾಡತೊಡಗಿದರೆ, “ತಮ್ಮಾ, ಆತಿಲ್ಲೊ? ಹಾಲು ಕಾಸೂದೈತಿ ನಂದು” ಎಂದುಬಿಡುವಳು.

ಇನ್ನು ರಸ್ತೆಯ ವಿಚಾರ. ಹಿಂದೆ ಎತ್ತಿನ ಗಾಡಿಗಳು ಸಾಹುಕಾರರ ಹೊಲಕ್ಕೂ ದೊಡ್ಡವ್ವನ ಹೊಲಕ್ಕೂ ತಾಗದಂತೆ ಬಳಸಿ ಹೋಗುತ್ತಿದ್ದವು. ಆ ಜಾಡಿನ ಮೇಲೇ ಡಾಂಬರು ಬಿದ್ದಿತ್ತು. ಹೀಗಾಗಿ ಊರ ಹತ್ತಿರ ರಸ್ತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮುರಿದುಕೊಳ್ಳುತ್ತಿತ್ತು. ಮಗ್ಗುಲಲ್ಲೇ ಹಳ್ಳ. ತೊಗರಿ ಆಳೆತ್ತರ ಬೆಳೆದರೆ ಎದುರಿಗೆ ಬರುವುದು ಟ್ರ್ಯಾಕ್ಟರೋ ಎಮ್ಮೆಯೋ ಗೊತ್ತಾಗುತ್ತಿರಲಿಲ್ಲ. ನಾನು ಬಿ.ಎ. ಮೊದಲ ವರ್ಷಕ್ಕೆ ಯಾದಗಿರಿಗೆ ಹೋಗತೊಡಗಿದ ಮಳೆಗಾಲದಲ್ಲೇ ಬಸ್ಸು ಆ ತಿರುವಿನಲ್ಲಿ ಹಳ್ಳಕ್ಕೆ ಜಾರಿತು. ಯಾರಿಗೂ ಏನೂ ಆಗಲಿಲ್ಲ, ಕಂಡಕ್ಟರನ ಚೀಲ ಮಾತ್ರ ತೊಯ್ದಿತು. ಆದರೆ ಮರುದಿನದಿಂದ ಬಸ್ಸು ಊರೊಳಗೆ ಬರಲಿಲ್ಲ. ಬಳಿಚಕ್ರದ ಕಡೆಯಿಂದ ಬರುವ ರಸ್ತೆಯ ಕ್ರಾಸಿನಲ್ಲೇ ಇಳಿಸಿ ಹೋಗುತ್ತಿತ್ತು. ಅಲ್ಲಿಂದ ಊರಿಗೆ ಒಬ್ಬಳೇ ನಡೆದು ಬರಬೇಕು, ಚಳಿಗಾಲದಲ್ಲಿ ಅಷ್ಟೊತ್ತಿಗೆ ಕತ್ತಲೆ.

ಅಪ್ಪ ಒಂದು ದಿನ ಊಟಕ್ಕೆ ಕೂತಾಗ ಹೇಳಿಯೇಬಿಟ್ಟ. “ಈ ವರ್ಷ ಹೆಂಗರ ಮುಗಸು. ಬಸ್ ಬರಲಿಲ್ಲಂದ್ರ ಮುಂದಿನ ವರ್ಷ ಕಾಲೇಜ್ ಬ್ಯಾಡ.” ನಾನು ಕೈಯಲ್ಲಿದ್ದ ರೊಟ್ಟಿಯನ್ನು ತಾಟಿಗೆ ಇಟ್ಟೆ. ನಮ್ಮ ಮನೆತನದಲ್ಲಿ ಹತ್ತನೇ ಇಯತ್ತೆ ದಾಟಿದವಳು ನಾನೊಬ್ಬಳೇ.

ಗೋಡೆಯಾಚೆಯಿಂದ ದೊಡ್ಡವ್ವನ ದನಿ ಬಂತು. “ಬಸ್ಸು ಊರ ಅಗಸೀಗೆ ಬಂದ್ರ ಕಳಸ್ತಿಯೇನೋ?”

“ಬಂದ್ರ ಯಾಕ ಕಳಸಂಗಿಲ್ಲ, ಯಕ್ಕಾ?”

“ಹಂಗಾರ ಸುಮ್ಕ ಉಣ್ಣು. ಬಸ್ ನಾ ತರ್ತೀನಿ.”

ದೊಡ್ಡವ್ವ ಪಂಚಾಯಿತಿಯಲ್ಲಿ ಗದ್ದಲ ಮಾಡಿ ಎಂಜಿನಿಯರನ್ನು ಕರೆಸಿದಳು. ಅವರು ಅಳೆದು, ಗೂಟ ನೆಟ್ಟು, ತಿರುವು ತೆಗೆದು ರಸ್ತೆ ನೇರ ಮಾಡಬಹುದು, ಹಳ್ಳದ ಬದಿಗೆ ತಡೆಗೋಡೆ, ಶಾಲೆಯ ಮುಂದೆ ಹಂಪು ಹಾಕಬಹುದು ಎಂದರು. ಆದರೆ ನೇರ ಮಾಡಲು ಎರಡೂ ಹೊಲಗಳಿಂದ ಒಂದೊಂದು ಪಟ್ಟಿ ಜಾಗ ಬೇಕು, ಇಬ್ಬರೂ ಒಪ್ಪಿದರೆ ಮಾತ್ರ ಯೋಜನೆ ಮುಂದಕ್ಕೆ. ಅದನ್ನು ತೀರ್ಮಾನಿಸಲೆಂದೇ ಆ ಗ್ರಾಮಸಭೆ ಕರೆದದ್ದು.

ಒಬ್ಬರು ಬರೀ ಹಂಪು ಸಾಕೆಂದರು. ಇನ್ನೊಬ್ಬರು, “ಅಪಾಯ ಅಂತ ಬೋರ್ಡ್ ಹಚ್ರಿ” ಎಂದರು. “ಹೋದ ಸಲ ಹಚ್ಚಿದ ಬೋರ್ಡಿಗೆ ನೀನ ಎಮ್ಮಿ ಕಟ್ಟಿದ್ದಿಲ್ಲೇನೋ?” ಎಂದು ಹಿಂದಿನಿಂದ ಯಾರೋ ಕೂಗಿ, ಸಭೆಯೆಲ್ಲ ನಕ್ಕಿತು. ಆಗಲೇ ಸಾಹುಕಾರರು ಆ ಮಾತು ಆಡಿದ್ದು, ದೊಡ್ಡವ್ವ ಮೇಜು ಬಡಿದದ್ದು.

“ಯಾಕ ಆಗಂಗಿಲ್ರಿ ಸಾವ್ಕಾರ್ರ?”

ಸಾಹುಕಾರರು ಮೀಸೆಯಲ್ಲೇ ನಕ್ಕರು. “ಮೊದ್ಲ ನೀ ಬಿಡವಾ. ನೀ ಬಿಟ್ಟ ದಿನ ನಾನೂ ಬಿಡ್ತೀನಿ, ಸಭಾದಾಗ ಹೇಳಾಕತ್ತೀನಿ. ತವರಿನವ್ರು ಉಡ್ಯಾಗ ಹಾಕಿದ ಹೊಲ ಯಾವ ಹೆಣ್ಮಗಳು ಬಿಡ್ತಾಳ, ನೋಡೇ ಬಿಡೂಣು.”

ದೊಡ್ಡವ್ವ ಮೇಜಿನ ಮೇಲಿನ ಕೈ ಹಿಂದಕ್ಕೆ ತಗೊಂಡಳು. ಆ ಹೊಲ ಅವಳಪ್ಪ ಮದುವೆಯಲ್ಲಿ ಅವಳಿಗೆಂದೇ ಕೊಟ್ಟದ್ದು. ಅದರ ಒಂದು ಹೆಂಟೆಯನ್ನೂ ಅವಳು ಬೇರೆಯವರ ಹೊಲಕ್ಕೆ ಉರುಳಗೊಡುತ್ತಿರಲಿಲ್ಲ. ಸಭೆ ಯಾವ ಠರಾವೂ ಇಲ್ಲದೆ ಮುಗಿಯಿತು. ಮುಂದೆ ಕೆಲವು ವಾರ ಅವಳು ರಸ್ತೆಯ ಮಾತೇ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಹೇಗೆ ಕೇಳುವುದು?

ಎಳ್ಳಮಾವಾಸ್ಯೆ ಬಂತು. ಅಂದು ನಮ್ಮ ಕಡೆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ, ಹೊಲಕ್ಕೇ ಬುತ್ತಿ ಹೋಗುತ್ತದೆ. ಭೂಮಿತಾಯಿಗೆ ಪೂಜೆ ಮಾಡಿ, ಕಡಬು, ರೊಟ್ಟಿ, ಕಾಳು-ಸೊಪ್ಪಿನ ಭಜ್ಜಿ ಕಲಸಿ, ಹೊಲದ ಸುತ್ತ ಬದುವಿನಗುಂಟ ಚೆಲ್ಲುತ್ತ ಹೋಗುವುದೇ ಚರಗ. ಒಬ್ಬರು ಚೆಲ್ಲಿದರೆ ಹಿಂದೆ ಇನ್ನೊಬ್ಬರು ನೀರು ಚಿಮುಕಿಸುತ್ತಾರೆ. ದೊಡ್ಡವ್ವ ಆ ವರ್ಷ ಪಂಚಾಯಿತಿಯವರನ್ನೆಲ್ಲ ಊಟಕ್ಕೆ ಕರೆದಿದ್ದಳು. ಚರಗದ ದಿನ ಹೊಲಕ್ಕೆ ಕರೆದರೆ ಯಾರೂ ಒಲ್ಲೆ ಎನ್ನುವುದಿಲ್ಲ, ಸಾಹುಕಾರರೂ ಬಂದರು.

ಎಲ್ಲರ ಕೈಯಲ್ಲಿ ರೊಟ್ಟಿ ಇದ್ದಾಗ ದೊಡ್ಡವ್ವ ಬುಟ್ಟಿ ಎತ್ತಿಕೊಂಡು ಹೊರಟಳು. ಹಿಂದೆ ತಂಬಿಗೆ ಹಿಡಿದ ದೊಡ್ಡಪ್ಪ. ಮೂರು ಮಗ್ಗುಲು ಬದುವಿನ ಮೇಲೇ ನಡೆದರು. ರಸ್ತೆಯ ಮಗ್ಗುಲಿಗೆ ಬಂದಾಗ ದೊಡ್ಡವ್ವ ಬದುವಿಗೆ ಹೋಗಲಿಲ್ಲ. ಎಂಜಿನಿಯರು ನೆಟ್ಟುಹೋಗಿದ್ದ ಗೂಟಗಳ ಈಚೆ, ಬಿಳಿಜೋಳದ ನಡುವೆಯೇ ಹೊರಳಿ ಚೆಲ್ಲತೊಡಗಿದಳು.

“ಏ, ಬದು ಅಲ್ಲೈತಿ ನೋಡ” ಎಂದ ದೊಡ್ಡಪ್ಪ. ಅವನಿಗೂ ಹೇಳಿರಲಿಲ್ಲ.

“ಗೊತ್ತೈತಿ. ನೀರ್ ಹಾಕ್ರಿ.”

ದೊಡ್ಡಪ್ಪ ಬದುವಿನ ಕಡೆ ನೋಡಿದ, ಹೆಂಡತಿಯ ಬೆನ್ನಿನ ಕಡೆ ನೋಡಿದ. ಆಮೇಲೆ ತಂಬಿಗೆ ಬಗ್ಗಿಸಿದ.

ಉಣ್ಣುತ್ತಿದ್ದವರು ರೊಟ್ಟಿ ಹಿಡಿದೇ ಎದ್ದು ನಿಂತರು. ಬೇರೆ ಸೀಮೆಯಿಂದ ಬಂದಿದ್ದ ಪಿಡಿಒ, “ಏನಾಯ್ತು, ಏನಾಯ್ತು?” ಎಂದು ಕೇಳಿದರು. “ಆಕಿ ಜಾಗಾ ಬಿಟ್ಲ್ರಿ ಸಾಹೇಬ್ರ” ಎಂದ ಒಬ್ಬ ಮೆಂಬರ್. “ಚರಗ ಬೀಳಲಿಲ್ಲಂದ್ರ ಅದು ಆಕಿ ಹೊಲ ಅಲ್ಲ.”

ಎಲ್ಲರ ಕಣ್ಣೂ ಸಾಹುಕಾರರ ಮೇಲೆ. ಅವರದು ಇನ್ನೂ ಚರಗ ಆಗಿರಲಿಲ್ಲ. ಕೈ ತೊಳೆದು ಅವರು ರಸ್ತೆ ದಾಟಿ ತಮ್ಮ ಹೊಲಕ್ಕೆ ಹೊರಟರೆ ಇಡೀ ಪಂಚಾಯಿತಿ ಕಡಬು ಕಚ್ಚಿಕೊಂಡು ಬೆನ್ನು ಹತ್ತಿತು. ಸಾಹುಕಾರರು ಚೆಲ್ಲುತ್ತ ಚೆಲ್ಲುತ್ತ ತಿರುವಿನ ಮೂಲೆಯ ಬದುವಿಗೇ ಬಂದು ನಿಂತರು. ಮುಷ್ಟಿ ತುಂಬಿ ಕೈ ಎತ್ತಿದರು. ಎತ್ತಿದ ಕೈ ಕೆಳಗೆ ಬರಲೇ ಇಲ್ಲ. ಒಮ್ಮೆ ಸುತ್ತ ನೋಡಿದರು, ಆ ಮುಷ್ಟಿ ಚರಗವನ್ನು ತಮ್ಮ ಬಾಯಿಗೇ ಹಾಕಿಕೊಂಡರು.

“ಉಪ್ಪು ಬರೋಬ್ಬರಿ ಐತಿ” ಎಂದು ಅಗಿಯುತ್ತ ಅಗಿಯುತ್ತ, ತಮ್ಮ ಹೊಲದಲ್ಲಿನ ಗೂಟಗಳ ಈಚೆಗೆ ಹೊರಳಿದರು.

“ಇನ್ನೊಂದೀಟು ಕಳಸಲೇನ್ರಿ ಸಾವ್ಕಾರ್ರ?” ಎಂದು ತನ್ನ ಹೊಲದಿಂದಲೇ ಕೂಗಿದಳು ದೊಡ್ಡವ್ವ. ಮೊದಲು ನಕ್ಕವರು ಸಾಹುಕಾರರೇ. ಆಮೇಲೆ ಎರಡೂ ಹೊಲ ನಕ್ಕವು. ಅಷ್ಟು ನಗುವಿನಲ್ಲಿ ದೊಡ್ಡವ್ವ ಒಂದು ಗಳಿಗೆ ಬಗ್ಗಿ, ಬಿಟ್ಟುಕೊಟ್ಟ ಮಣ್ಣನ್ನು ಮುಟ್ಟಿ ಕಣ್ಣಿಗೊತ್ತಿಕೊಂಡದ್ದನ್ನು ನಾನು ಕಂಡೆ. ಯಾರಿಗೂ ಹೇಳಿರಲಿಲ್ಲ, ಈಗ ಬರೆಯುತ್ತಿದ್ದೇನೆ.

ಮುಂದಿನ ಸಭೆಯಲ್ಲಿ ಠರಾವಿಗೆ ಒಬ್ಬರೂ ತಕರಾರು ತೆಗೆಯಲಿಲ್ಲ. ಬೇಸಿಗೆಯಲ್ಲಿ ಕೆಲಸ ನಡೆಯಿತು. ನಾನು ಎರಡನೇ ವರ್ಷಕ್ಕೆ ಕಾಲಿಟ್ಟ ಹೊಸತರಲ್ಲೇ ಬಸ್ಸು ಹಾರ್ನು ಬಾರಿಸುತ್ತ ಊರಬಾಗಿಲ ಅಗಸಿಗೆ ಬಂತು. ಮೊದಲ ದಿನ ದೊಡ್ಡವ್ವ ಕೆಲಸವಿಲ್ಲದಿದ್ದರೂ ಹತ್ತಿದಳು. ಡ್ರೈವರನಿಗೆ ಕಡ್ಡಾಯವಾಗಿ ಒಂದು ಶೇಂಗಾ ಹೋಳಿಗೆ ತಿನ್ನಿಸಿ, ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಟಿಕೆಟು ತಗೊಂಡು ಕಿಟಕಿಗೆ ಕೂತಳು. ನನ್ನ ಜತೆ ಮಾತಾಡುತ್ತ ಮಾತಾಡುತ್ತ ಒಮ್ಮೆಲೇ, “ಏ, ತಿರುವು ಬಂದ್ರ ಹೇಳವಾ, ನೋಡ್ಬೇಕು” ಎಂದಳು.

“ಅದು ಆಗಳೇ ಹೋತು ದೊಡ್ಡವ್ವ.”

“ಹೋತು? ಗೊತ್ತ ಆಗಲಿಲ್ಲಲ್ಲ!” ಎಂದು ತನ್ನ ತೊಡೆಯನ್ನೇ ಬಡಿದುಕೊಂಡಳು.

ಅದೇ ಬಸ್ಸಿನಲ್ಲಿ ನಾನು ಡಿಗ್ರಿ ಮುಗಿಸಿದೆ. ಓದಿದ್ದು ನಾನೇ, ಆ ಹೆಮ್ಮೆಯನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಆದರೆ ಒಬ್ಬಳು ಹೆಂಗಸು ತನ್ನ ತವರಿನ ನೆಲ ಬಿಟ್ಟುಕೊಟ್ಟಿದ್ದರಿಂದ ನಾನು ಪರೀಕ್ಷೆಗೆ ತಲುಪಿದೆ. ಈ ಋಣ ತೀರಿಸುವಂಥದ್ದಲ್ಲ, ತೀರಿಸುವ ಅವಸರವೂ ನನಗಿಲ್ಲ.

ಯಾದಗಿರಿಯ ಕಾಲೇಜಿನಲ್ಲಿ ಸರ್ಟಿಫಿಕೇಟ್ ಕೊಡುವ ದಿನ ಎಲ್ಲರನ್ನೂ ಕರೆದುಕೊಂಡು ಹೋದೆ. ದೊಡ್ಡವ್ವ, ಅವ್ವ, ಅಪ್ಪ, ಪಿಯುಸಿ ಪರೀಕ್ಷೆ ಬರೆದು ಕೂತಿದ್ದ ನನ್ನ ತಂಗಿ. ಪ್ರಿನ್ಸಿಪಾಲರು ನನ್ನ ಹೆಸರು ಕೂಗಿ ಸರ್ಟಿಫಿಕೇಟ್ ಕೈಗಿಟ್ಟರು. ಕೆಳಗಿಳಿದು ಬಂದು ಅದನ್ನು ದೊಡ್ಡವ್ವನಿಗೆ ಕೊಟ್ಟೆ. ಅವಳು ಹಿಂದೆ ಮುಂದೆ ತಿರುಗಿಸಿ ನೋಡಿ, ಅಪ್ಪನ ಕೈಗೆ ಕೊಟ್ಟಳು. ಅಪ್ಪ ಕೈಯನ್ನು ಅಂಗಿಗೆ ಒರೆಸಿಕೊಂಡು ಅದನ್ನು ಹಿಡಿದ. ಆಮೇಲೆ ತಂಗಿಯ ಕಡೆ ತಿರುಗಿದ.

“ಬಸ್ಸಂತೂ ಬರ್ತೈತಿ. ರಿಸಲ್ಟ್ ಬರೂದ ತಡ, ನಿಂದೂ ಕಾಲೇಜ್ ಶುರು ಮಾಡೂಣು ನಡಿ.”