ಬಾಗಿಲಾಚೆಯ ಬಕೆಟ್

ಬೆಳಿಗ್ಗೆ ಕಾಗದದ ಮಿಲ್ಲಿನ ಸೈರನ್ ಕೂಗಿದರೆ ಬೀದಿಯ ನಾಯಿಗಳೂ ಜೊತೆಗೆ ರಾಗ ಎಳೆಯುತ್ತವೆ. ನಿವೃತ್ತನಾದರೂ ಹಿಟ್ಟಣ್ಣನಿಗೆ ಆ ಸದ್ದಾದ ಮೇಲೆ ನಿದ್ದೆ ಬಾರದು.

ಮಿಲ್ಲಿನಲ್ಲಿ ಅವನದು ಹಬೆ ಕೊಳವೆಗಳಿಗೆ ಆಸ್ಬೆಸ್ಟಾಸ್ ಸುತ್ತುವ ಕೆಲಸವಾಗಿತ್ತು. ಹಳೆಯ ಸುತ್ತು ಕೀಳುವಾಗ ಏಳುವ ದೂಳು ಮೈಮೇಲೆ ಹಿಟ್ಟಿನಂತೆ ಕೂರುತ್ತಿತ್ತು. ಆ ಹೆಸರು ಬಂದದ್ದು ಹಾಗೆ. ಕಿತ್ತ ತುಂಡುಗಳು ಬೆಚ್ಚಗಿವೆಯೆಂದು ಅವನ್ನೇ ಹಾಸಿಕೊಂಡು ಕೂತು ಎಲ್ಲರೂ ಬುತ್ತಿ ಬಿಚ್ಚುತ್ತಿದ್ದರು. ಅದು ವಿಷವೆಂದು ಹೇಳಿದವರಿಲ್ಲ.

ಈಗ ಮೆಟ್ಟಿಲು ಹತ್ತಿದರೆ ಏದುಸಿರು. ದೂಳಿನ ಎಳೆಗಳು ಶ್ವಾಸಕೋಶದಲ್ಲಿ ನೆಟ್ಟು ಅದನ್ನು ಪೆಡಸಾಗಿಸಿವೆ, ಮೊದಲಿನಂತಾಗದು ಎಂದಿದ್ದರು ಡಾಕ್ಟರಮ್ಮ. ಅವನು ತಲೆಯಾಡಿಸಿ ಒಪ್ಪಿಕೊಂಡಿದ್ದ. ಜೀವ ಬಾಯಿಗೆ ಬಂದದ್ದು ಆಕೆ ಮುಂದಿನ ಪ್ರಶ್ನೆ ಕೇಳಿದಾಗ: "ನಿಮ್ಮ ಕೆಲಸದ ಬಟ್ಟೆ ಯಾರು ಒಗೀತಿದ್ರು?"

ಒಗೆಯುತ್ತಿದ್ದವಳು ಹೆಂಡತಿ. ಅವಳಿಗೆ ಕೆಲವು ವಾರಗಳಿಂದ ಒಣಕೆಮ್ಮು.

ಇಂದು ಅವಳ ಸ್ಕ್ಯಾನ್ ನೋಡಿ ಡಾಕ್ಟರಮ್ಮ ಹೇಳಿದರು, "ಇವರಲ್ಲಿ ಆ ದೂಳಿನ ಗುರುತು ಕಾಣ್ತಿಲ್ಲ. ಈ ಕೆಮ್ಮು ಗಂಟಲಿಂದು. ಬಟ್ಟೆ ಕೊಡವಿ ಒಗೀತಿದ್ರಾ?"

"ಕೊಡವೋಕೆ ಅತ್ತೆ ಬಿಟ್ರೆ ತಾನೆ," ಎಂದಳು ಹೆಂಡತಿ. "ಬಾಗಿಲಾಚೆ ಬಕೆಟ್ಟಲ್ಲಿ ನೀರು ಇಡಿಸ್ತಿದ್ರು. ಇವರು ಅಲ್ಲೇ ಬಟ್ಟೆ ಬಿಚ್ಚಿ ಮುಳುಗಿಸಿ, ಮೈ ತೊಳ್ಕೊಂಡೇ ಒಳಗೆ ಬರಬೇಕಿತ್ತು."

"ಅದೇ ನಿಮ್ಮನ್ನ ಕಾಪಾಡಿರಬಹುದು. ಆದ್ರೂ ವರ್ಷಕ್ಕೊಮ್ಮೆ ತೋರಿಸ್ತಿರಿ. ಇದು ತಡವಾಗಿ ತಲೆ ಎತ್ತೋ ಕಾಯಿಲೆ."

ಮನೆಯಲ್ಲಿ ಹಿಟ್ಟಣ್ಣನ ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. ಸೊಸೆ ಪಕ್ಕದಲ್ಲಿ ಕೂತು, ಎಂದೂ ಹಿಡಿಯದಿದ್ದ ಆ ಕೈ ಹಿಡಿದಳು. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿ, "ಅತ್ತೆ, ಆ ಬಕೆಟ್ಟಿನ ದೆಸೆಯಿಂದ ನಿಮ್ಮನ್ನ ಎಷ್ಟು ಬೈಕೊಂಡಿದ್ದೆ," ಎಂದಳು.

"ಕೇಳಿಸ್ತಿತ್ತು ಬಿಡು. ನಾನೇನು ನಿನ್ನನ್ನ ಉಳಿಸ್ಬೇಕು ಅಂತ ಮಾಡಿದ್ನಾ? ಒರೆಸಿದ ನೆಲ ಹಾಳಾಗ್ತಿತ್ತು, ಅದಕ್ಕೆ."

ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.

ಹಿಟ್ಟಣ್ಣ ಅಮ್ಮನ ಕಾಲ ಬಳಿ ಬಿದ್ದ ಎಲೆಗಳನ್ನು ಆರಿಸಿ ತಟ್ಟೆಗೆ ಹಾಕಿದ. ಮಿಲ್ಲಿನ ಹಳೆಯ ಬಾಯ್ಲರಿನ ಸುತ್ತನ್ನು ನಾಳೆ ಕೀಳುತ್ತಾರೆಂದು ಕೇಳಿದ್ದ. ಎದ್ದು ನಿಂತ.

"ಎಲ್ಲಿಗೋ? ಈಗ ತಾನೇ ಬಂದೆ," ಎಂದಳು ಅಮ್ಮ.

"ಮಿಲ್ಲಿಗೆ. ಮೊದಲು ನೀರು ಹೊಡೆದು ನೆನೆಸಿ, ಸರಿಯಾದ ಮಾಸ್ಕ್ ಕೊಡೋವರೆಗೆ ಮುಟ್ಟಬೇಡಿ, ಬಟ್ಟೆ ಮನೆಗೆ ಒಯ್ಯಬೇಡಿ ಅಂತ ಹೇಳ್ಬೇಕು."

"ಕೇಳ್ತಾರಾ ಅವರು?" ಎಂದಳು ಹೆಂಡತಿ.

"ನನ್ನ ಉಸಿರಿನ ಸದ್ದು ಕೇಳಿದ್ರೆ ಕೇಳ್ತಾರೆ. ಇಲ್ಲಾಂದ್ರೆ ನಾಳೆ ಅಮ್ಮನ್ನೇ ಕರ್ಕೊಂಡೋಗಿ ಗೇಟಿನ ಹತ್ರ ಕುರ್ಚಿ ಹಾಕಿ, ಪಕ್ಕದಲ್ಲಿ ಬಕೆಟ್ ಇಟ್ಟು ಕೂರಿಸ್ತೀನಿ. ಅವಳನ್ನ ದಾಟಿ ಯಾವ ದೂಳೂ ಹೊರಗೆ ಹೋಗಲ್ಲ," ಎನ್ನುತ್ತಾ ಅವನು ಬೀದಿಗಿಳಿದ.