ಬೆಕ್ಕಿನ ವಕೀಲರು ತೀರಿಕೊಂಡ ದಿನ

ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಹೂಂಗುಟ್ಟಪ್ಪ ಎಂದು ಕರೆಯುತ್ತಿದ್ದರು. ಯಾರು ಏನು ಹೇಳಿದರೂ ಅವನ ಬಾಯಿಂದ ಬರುತ್ತಿದ್ದದ್ದು ಒಂದೇ ಒಂದು ‘ಹೂಂ’. ಸಂತೋಷಕ್ಕೂ ಅದೇ, ಸಿಟ್ಟಿಗೂ ಅದೇ. ಮಾತಾಡಿದರೆ ಮುತ್ತು ಉದುರುತ್ತದೆ ಎಂಬ ಜಂಬ ಅವನಿಗಿರಲಿಲ್ಲ. ಮಾತು ಹೊತ್ತಿಗೆ ಸರಿಯಾಗಿ ಹೊಳೆಯುತ್ತಿರಲಿಲ್ಲ, ಅಷ್ಟೆ. ತಕ್ಕ ಮಾತು ನಾಲಿಗೆಯ ತುದಿಗೆ ಬರುವಷ್ಟರಲ್ಲಿ ಎದುರಿಗಿದ್ದವರು ಎದ್ದು ಹೋಗಿರುತ್ತಿದ್ದರು.

ಅವನ ಕೆಲಸ ದೊಡ್ಡ ಇಸ್ತ್ರಿ ಯಂತ್ರದ ಮುಂದೆ. ಹೋಟೆಲು, ಆಸ್ಪತ್ರೆಗಳ ಹಾಸಿಗೆ ಬಟ್ಟೆಗಳು ಬಿಸಿ ಉರುಳೆಗಳ ನಡುವೆ ಹಾದು ಹೊರಬರುತ್ತಿದ್ದವು. ಒಂದು ಅಂಚನ್ನು ಅವನೂ ಇನ್ನೊಂದು ಅಂಚನ್ನು ‘ಗಡಿಬಿಡಿ’ ಎಂದು ಎಲ್ಲರೂ ಕರೆಯುತ್ತಿದ್ದ ಅವನ ಜೊತೆಗಾರನೂ ಹಿಡಿದು, ಜಗ್ಗಿ, ಒಬ್ಬರ ಕಡೆಗೊಬ್ಬರು ನಡೆದುಬಂದು ಮಡಿಸಬೇಕು. ಗಡಿಬಿಡಿಗೆ ಬಾಯಿ ಮುಚ್ಚಿದರೆ ಹೊಟ್ಟೆನೋವು ಬರುತ್ತಿತ್ತು. ಹೀಗಾಗಿ ಜೋಡಿ ಚೆನ್ನಾಗಿಯೇ ಕೂಡಿತ್ತು. ಮಡಿಸಿದ್ದನ್ನು ಎಣಿಸಿ ಕಟ್ಟುತ್ತಿದ್ದ ಹಿರಿಯ ಹೆಂಗಸನ್ನು ಎಲ್ಲರೂ ಎಣಿಕೆ ಅಕ್ಕ ಎನ್ನುತ್ತಿದ್ದರು. ಅವಳ ತಲೆಯ ಮೇಲಿನ ಗೋಡೆಯಲ್ಲಿ, ಆವಿಯಿಂದ ಬಣ್ಣಗೆಟ್ಟ ಒಂದು ರೇಡಿಯೋ.

ಬೆಳಿಗ್ಗೆ ಅದರಲ್ಲಿ ‘ಬಾಯಿಗೆ ಬೀಗವಿಲ್ಲ’ ಎಂಬ ಕಾರ್ಯಕ್ರಮ ಬರುತ್ತಿತ್ತು. ಇಬ್ಬರು ಗಂಡಸರು ಎಲ್ಲೆಲ್ಲಿಯದೋ ವಿಚಿತ್ರ ಸುದ್ದಿ ಹೆಕ್ಕಿ ತಂದು ಅದರ ಚರ್ಮ ಸುಲಿಯುತ್ತಿದ್ದರು. ಕೇಳುಗರು ಒಬ್ಬನಿಗೆ ದಪ್ಪಗಂಟಲು, ಇನ್ನೊಬ್ಬನಿಗೆ ಕೀರಲು ಎಂದು ಹೆಸರಿಟ್ಟಿದ್ದರು.

“ಕಳ್ಳ ಒಬ್ಬ ಮನೆಗೆ ನುಗ್ಗಿ, ಫ್ಯಾನ್ ಹಾಕ್ಕೊಂಡು ಅವರ ಹಾಸಿಗೆ ಮೇಲೇ ಮಲಗಿಬಿಟ್ನಂತೆ ಕಣೋ,” ಎನ್ನುತ್ತಿದ್ದ ದಪ್ಪಗಂಟಲು. “ಪೊಲೀಸರು ಎಬ್ಬಿಸಿದ್ರೆ ‘ಇನ್ನೈದು ನಿಮಿಷ’ ಅಂದ್ನಂತೆ!”

“ನನ್ನ ಹೆಂಡ್ತಿಗೆ ಮಾತ್ರ ಹೇಳ್ಬೇಡ,” ಕೀರಲು ಕಿರುಚುತ್ತಿದ್ದ. “ಅವನನ್ನೇ ಇಟ್ಕೊಂಡು ನನ್ನ ಹೊರಗೆ ಹಾಕ್ತಾಳೆ. ಅವನಾದ್ರೆ ಬಂದು ಸುಮ್ನೆ ಮಲಗ್ದ. ನಾನು ಬಂದ ತಕ್ಷಣ ಊಟ ಕೇಳ್ತೀನಿ.”

ಆಮೇಲೆ ‘ನಮ್ಮನೆ ನಮೂನೆ’. ಮನೆಯಲ್ಲಿರುವ ಯಾವುದಾದರೂ ವಿಚಿತ್ರ ಪ್ರಾಣಿಯ ಬಗ್ಗೆ ಕೇಳುಗರು ಫೋನು ಮಾಡಿ ಹೇಳಬೇಕು. ಹೆಚ್ಚಾಗಿ ಆ ಪ್ರಾಣಿ ಗಂಡನೇ ಆಗಿರುತ್ತಿತ್ತು.

ಒಂದು ದಿನ ಹೆಂಗಸೊಬ್ಬಳು ಗಂಟಲು ಸರಿಮಾಡಿಕೊಂಡು, “ನಾನು ನಾಲ್ಕನೇ ಮಹಡಿಯಿಂದ ಮಾತಾಡ್ತಿದೀನಿ,” ಎಂದಳು. ಹೂಂಗುಟ್ಟಪ್ಪನ ಕೈಯಲ್ಲಿದ್ದ ಅಂಚು ಜಾರಿತು. ಅದು ಅವನ ಹೆಂಡತಿಯ ದನಿ.

“ನಮ್ಮೋರು ಕರೆಂಟ್ ಹೋದಾಗ ಟಾರ್ಚ್ ಹುಡುಕ್ತಿದ್ರು,” ಎಂದಳು ಅವಳು. “ಅಡುಗೆಮನೆ ಆಯ್ತು, ಮಂಚದ ಕೆಳಗಾಯ್ತು, ಸಿಗ್ಲಿಲ್ಲ. ಕೈಯಲ್ಲೇ ಹಚ್ಚಿಕೊಂಡು ಹುಡುಕ್ತಿದ್ರು ಪುಣ್ಯಾತ್ಮ!”

ಗಡಿಬಿಡಿ ಬಟ್ಟೆಯ ರಾಶಿಯ ಮೇಲೆ ಬಿದ್ದು ನಕ್ಕ. “ಎಂಥ ಮುಠ್ಠಾಳ ಸಿಕ್ಕಿದಾನಪ್ಪ ಆಯಮ್ಮನಿಗೆ!”

“ಹೂಂ,” ಎಂದ ಹೂಂಗುಟ್ಟಪ್ಪ. ಅವನಿಗೂ ನಗು ಬಂತು. ಅವನ ಹೆಂಡತಿ ಅಷ್ಟು ಮಾತನ್ನು ಒಟ್ಟಿಗೆ ಆಡಿದ್ದನ್ನು ಅವನು ಕೇಳಿ ಎಷ್ಟು ಕಾಲವಾಗಿತ್ತೋ.

ಗಂಡ ಹೆಂಡಿರ ನಡುವೆ ಜಗಳವೇನೂ ಇರಲಿಲ್ಲ. ಇದ್ದಿದ್ದರೆ ರಾಜಿಯಾದರೂ ಆಗಬಹುದಿತ್ತು. ಮದುವೆಯಾದ ಹೊಸತರಲ್ಲಿ ಅವಳು ಮೆಟ್ಟಿಲ ಮೇಲೆ ಕಂಡದ್ದು, ಅಂಗಡಿಯಲ್ಲಿ ಕೇಳಿದ್ದು ಎಲ್ಲವನ್ನೂ ಅವನಿಗಾಗಿ ಕೂಡಿಟ್ಟು ಸಂಜೆ ಹೇಳುತ್ತಿದ್ದಳು. ಅವನು ‘ಹೂಂ’ ಎನ್ನುತ್ತಿದ್ದ. ಬರಬರುತ್ತ ಅವಳು ಮಗಳಿಗೆ ಹೇಳತೊಡಗಿದಳು. ಗಂಡನಿಗೆ ಹೇಳಬೇಕಾದದ್ದೂ ಮಗಳ ಮೂಲಕವೇ ಬರುತ್ತಿತ್ತು: “ಊಟಕ್ಕೆ ಬಾ ಅನ್ನು ಅಪ್ಪಂಗೆ.” ಮಗಳು ಮದುವೆಯಾಗಿ ಹೋದ ಮೇಲೆ ಆ ಸೇತುವೆಯೂ ಬಿತ್ತು. ಈಗ ತಟ್ಟೆ ಇಟ್ಟ ಸದ್ದೇ ಊಟದ ಕರೆ.

ಅಂಥವಳು ಊರೆಲ್ಲ ಕೇಳುವಂತೆ ತನ್ನ ಬಗ್ಗೆ ನಗುತ್ತ ಮಾತಾಡಿದಳಲ್ಲ ಎಂದು ಅವನಿಗೆ ಅವಮಾನವಾಗಲಿಲ್ಲ. ಇವಳು ನನ್ನನ್ನು ನೋಡುತ್ತಿದ್ದಾಳೆ ಎಂದು ಸಮಾಧಾನವಾಯಿತು. ತನಗೆ ಗೊತ್ತಾಯಿತೆಂದು ತಿಳಿದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ಅದರ ಬದಲು, ಅವಳ ಬಳಿ ಹೇಳಲು ಏನಾದರೂ ಇರಲೆಂದು, ತಾನೇ ಒಂದಿಷ್ಟು ಪೆದ್ದುತನ ಮಾಡಿಕೊಡಲು ನಿರ್ಧರಿಸಿದ.

ಬಸ್ಸಿನಲ್ಲಿ ಕುಳಿತು ಯೋಚಿಸುತ್ತಿದ್ದ. ಯಾವುದು ಮಾಡಿದರೆ ಅವಳು ನಕ್ಕಾಳು? ಒಂದು ಕಾಲಿಗೆ ಕರಿ, ಇನ್ನೊಂದಕ್ಕೆ ಬೂದು ಕಾಲುಚೀಲ ಹಾಕಿಕೊಂಡು ಅವಳ ಮುಂದೆ ಸುಳಿದಾಡಿದ. “ಬೇರೆ ಬೇರೆ ಹಾಕಿದೀರಿ,” ಎಂದು ಅವಳು ಒಳಗೆ ಹೋದಳು. ಮನೆಯ ಬೀಗದ ಕೈ ಫ್ರಿಜ್ಜಿನಲ್ಲಿಟ್ಟ. ಅವಳು ತೆಗೆದು, ಒರೆಸಿ, ಮೊಳೆಗೆ ನೇತುಹಾಕಿದಳು. ಚಹಾಕ್ಕೆ ಉಪ್ಪು ಹಾಕಿಕೊಂಡು ಗುಟುಕರಿಸಿ ಮುಖ ಕಿವುಚಿದ. ಆ ಹೊತ್ತಿಗೆ ಅವಳು ಕಿಟಕಿಯ ಕಡೆ ತಿರುಗಿದ್ದಳು. ಲೋಟ ತುಂಬ ಇದ್ದ ಉಪ್ಪು ಚಹಾವನ್ನು ಅವನು ಚೆಲ್ಲದೆ ಕುಡಿದ.

ಮರುದಿನ ರೇಡಿಯೋದಲ್ಲಿ ಅವಳು ಬಂದಳು. ಉಪ್ಪಿನ ಸುದ್ದಿ ಬರಲಿಲ್ಲ.

“ನಮ್ಮನೆ ಬಾಗಿಲಿಗೆ ಒಂದು ಬೆಕ್ಕು ಬಂದಿತ್ತು,” ಎಂದಳು. “ಓಡಿಸಿ ಬನ್ನಿ ಅಂತ ಇವರನ್ನ ಕಳಿಸ್ದೆ. ಎಷ್ಟು ಹೊತ್ತಾದ್ರೂ ಬರ್ಲೇ ಇಲ್ಲ. ಹೋಗಿ ನೋಡಿದ್ರೆ ಮೆಟ್ಟಿಲ ಮೇಲೆ ಕೂತ್ಕೊಂಡು ಬೆಕ್ಕಿನ ಹತ್ರ ಮಾತು! ಒಳಗೆ ಬಂದು ಏನಂದ್ರು ಗೊತ್ತಾ? ‘ನೋಡು, ಅದರದ್ದೂ ನ್ಯಾಯ ಇದೆ. ಮೂರನೇ ಮಹಡಿಯವರು ನೀರು ಬೆರೆಸಿದ ಹಾಲು ಕೊಡ್ತಾರಂತೆ, ಮೇಲಿನವರು ಬಾಲ ತುಳೀತಾರಂತೆ. ಹೋಗು ಅಂದ್ರೆ ಹೋಗೋಕೆ ಜಾಗ ಎಲ್ಲಿದೆ ಅಂತ ಕೇಳ್ತಿದೆ.’ ಅದೇ ಚೌಕಳಿ ಅಂಗಿ, ಎರಡನೇ ಗುಂಡಿ ಕಿತ್ತುಹೋಗಿ ನಾನು ಬೇರೆ ಬಣ್ಣದ್ದು ಹಚ್ಚಿದ್ನಲ್ಲ, ಅದನ್ನ ಹಾಕ್ಕೊಂಡು, ಕೋರ್ಟಲ್ಲಿ ನಿಂತ ಹಾಗೆ ನಿಂತು ಹೇಳಿದ್ರು. ಇಬ್ಬರೂ ನೆಲದ ಮೇಲೆ ಕೂತು ನಕ್ಕಿದ್ದೇ ನಕ್ಕಿದ್ದು.”

“ಬೆಕ್ಕಿನ ವಕೀಲ್ರು!” ಎಂದು ಕೂಗಿದ ಕೀರಲು. “ಫೀಸು ಹಾಲಲ್ಲೋ, ಇಲಿಯಲ್ಲೋ?”

ಹೂಂಗುಟ್ಟಪ್ಪ ಕೆಲಸದ ಕೋಟಿನ ಕತ್ತು ಸರಿಸಿ ಒಳಗೆ ನೋಡಿಕೊಂಡ. ಚೌಕಳಿ ಅಂಗಿ. ಎರಡನೇ ಗುಂಡಿ ಬೇರೆ ಬಣ್ಣ. ಅಂಗಿ ಅವನದೇ. ಆದರೆ ಬೆಕ್ಕು ಬಂದಿರಲಿಲ್ಲ, ಅವನು ಮೆಟ್ಟಿಲ ಮೇಲೆ ಕೂತಿರಲಿಲ್ಲ, ಆ ನೆಲದ ಮೇಲೆ ಇಬ್ಬರೂ ಎಂದೂ ನಕ್ಕಿರಲಿಲ್ಲ.

ಆ ಸಂಜೆ ಊಟದ ಹೊತ್ತಿಗೆ ಅವನು ಬೆವತುಕೊಂಡು ಒಂದು ಮಾತು ಸಿದ್ಧಮಾಡಿಕೊಂಡ. “ಕೆಳಗಡೆ ಒಂದು ಬೆಕ್ಕು ನೋಡಿದೆ.”

“ಹೂಂ,” ಎಂದಳು ಹೆಂಡತಿ.

ಅಲ್ಲಿಗೆ ಅದು ಮುಗಿಯಿತು.

ಅತ್ತ ರೇಡಿಯೋದ ಗಂಡ ದಿನದಿನಕ್ಕೆ ಬೆಳೆಯುತ್ತ ಹೋದ. ಹೆಂಡತಿಗೆ ತಲೆನೋವೆಂದರೆ ಪಕ್ಕದ ಮನೆಯವರ ಬಾಗಿಲು ತಟ್ಟಿ “ಸ್ವಲ್ಪ ಮೆಲ್ಲಗೆ ಉಸಿರಾಡಿ” ಎಂದು ಹೇಳಿ ಬಂದ. ಕುರ್ಚಿ ಕೊಳ್ಳಲು ಹೋಗಿ, ಪರೀಕ್ಷೆಗೆಂದು ಕೂತು, ಅಂಗಡಿಯಲ್ಲೇ ಗೊರಕೆ ಹೊಡೆದ. ಊರಿಗೆ ಊರೇ ಅವನನ್ನು ಮೆಚ್ಚಿತು. ಹೂಂಗುಟ್ಟಪ್ಪ ಆ ಗಂಡನ ಅಂಗಿ ತೊಟ್ಟುಕೊಂಡು, ಅವನ ಬಗ್ಗೆ ಹೊಟ್ಟೆಕಿಚ್ಚುಪಡುತ್ತ, ಬಟ್ಟೆ ಮಡಿಸುತ್ತಿದ್ದ. ಹಾಗಾದರೆ ನಾನು ಬಾಯಿ ಬಿಡುವುದನ್ನೇ ಇವಳು ಕಾಯುತ್ತಿದ್ದಾಳೆ, ನನಗಿನ್ನೂ ಜಾಗವಿದೆ ಎಂದು ಒಮ್ಮೆ ಅನ್ನಿಸುತ್ತಿತ್ತು. ಆ ಜಾಗದಲ್ಲಿ ಬೇರೊಬ್ಬ ಕೂತಾಯಿತು ಎಂದು ಮತ್ತೊಮ್ಮೆ ಅನ್ನಿಸುತ್ತಿತ್ತು.

“ನಿನ್ನಂಥವನು ಆಯಮ್ಮನಿಗೆ ಸಿಕ್ಕಿದ್ರೆ ನೇಣು ಹಾಕ್ಕೋತಿದ್ಳು,” ಎಂದ ಗಡಿಬಿಡಿ, ಬಟ್ಟೆ ಜಗ್ಗುತ್ತ.

ಕೇಳುಗರು ವಕೀಲರ ದನಿ ಕೇಳಬೇಕೆಂದು ಹಟ ಹಿಡಿದರು. “ಅಕ್ಕ, ಇವತ್ತು ಬಿಡಲ್ಲ,” ಎಂದ ದಪ್ಪಗಂಟಲು ಒಂದು ಬೆಳಿಗ್ಗೆ. “ವಕೀಲರಿಗೆ ಫೋನ್ ಕೊಡಿ.”

“ಇಲ್ಲ, ಕೆಲಸಕ್ಕೆ ಹೋಗಿದಾರೆ.”

“ನಿನ್ನೇನೂ ಅದೇ ಅಂದ್ರಿ! ನಂಬರ್ ಕೊಡಿ, ನಾವೇ ಮಾಡ್ತೀವಿ.”

“ಬೇಡ.”

“ಯಾಕಕ್ಕಾ, ನಾಚ್ಕೋತಾರಾ? ಬೆಕ್ಕಿನ ಹತ್ರ ಮಾತಾಡ್ತಾರೆ, ಈ ಕತ್ತೆಗಳ ಹತ್ರ ಮಾತಾಡಲ್ವಾ?” ಎಂದ ಕೀರಲು.

ಹೂಂಗುಟ್ಟಪ್ಪ ಬಟ್ಟೆ ಬಿಟ್ಟು ರೇಡಿಯೋದ ಕೆಳಗೆ ಬಂದು ನಿಂತ. ನಂಬರ್ ಕೊಡಲಿ. ಜೇಬಿನಲ್ಲಿ ಫೋನು ಬಡಿದುಕೊಂಡರೆ ಸಾಕು, ಏನಾದರೂ ಹೇಳಿಯೇ ಬಿಡುತ್ತೇನೆ. ಬೆಕ್ಕಿನ ಬಗ್ಗೆ, ಕುರ್ಚಿಯ ಬಗ್ಗೆ, ಯಾವುದರ ಬಗ್ಗೆಯಾದರೂ. ಅವನ ಅಂಗೈ ಜೇಬಿನ ಮೇಲಿತ್ತು.

“ಅವರಿಲ್ಲ,” ಎಂದಳು ಅವಳು.

“ಇಲ್ಲ ಅಂದ್ರೆ? ಎಲ್ಲಿ ಹೋಗಿದಾರೆ, ಬರ್ತಾರಲ್ಲ?”

“ಬರಲ್ಲ. ತೀರಿಕೊಂಡ್ರು.”

ಬಾಯಿಗೆ ಬೀಗವಿಲ್ಲದವರಿಬ್ಬರಿಗೂ ಬಾಯಿ ಕಟ್ಟಿಹೋಯಿತು. ದಪ್ಪಗಂಟಲು “ಅಕ್ಕಾ...” ಎಂದ. ಹಾಡು ಶುರುವಾಯಿತು.

ಎಣಿಕೆ ಅಕ್ಕ ಎದ್ದು ಯಂತ್ರ ನಿಲ್ಲಿಸಿದಳು. “ಪಾಪ, ಎಷ್ಟು ನಗಿಸಿದ ಮನುಷ್ಯ. ಒಂದು ನಿಮಿಷ ನಿಂತ್ಕೊಳ್ಳಿ ಎಲ್ರೂ.”

ಎಲ್ಲರೂ ತಲೆ ಬಗ್ಗಿಸಿ ನಿಂತರು. ಹೂಂಗುಟ್ಟಪ್ಪನೂ ನಿಂತ. ಬೇರೇನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಗಡಿಬಿಡಿ ತೋಳಿನಿಂದ ಮೂಗೊರೆಸಿಕೊಂಡು ಅವನ ಮುಖ ನೋಡಿದ. “ನಿನ್ನದೇನು ಕಲ್ಲು ಎದೆಯೇನೋ? ಕಣ್ಣಲ್ಲಿ ಒಂದು ಹನಿ ಬರಬಾರದಾ?”

“ಹೂಂ,” ಎಂದ ಅವನು.

ಸಂಜೆ ಮನೆಗೆ ಬಂದಾಗ ಅವಳು ಮೇಜಿನ ಮುಂದೆ ಕೂತು ತರಕಾರಿ ಹೆಚ್ಚುತ್ತಿದ್ದಳು. ಕಣ್ಣುಗಳು ಊದಿದ್ದವು. ಅವನು ಚೀಲ ಕೆಳಗಿಡದೆ ನಿಂತ.

“ಕಾರ್ಖಾನೇಲಿ ರೇಡಿಯೋ ಹಾಕ್ತಾರೆ.”

ಅವಳ ಕತ್ತಿ ನಿಂತಿತು. “ಯಾವಾಗಿಂದ?”

“ಮೊದಲಿಂದಾನೂ. ನೀನು ಗಂಟಲು ಸರಿ ಮಾಡ್ಕೊಂಡಾಗಲೇ ಗೊತ್ತಾಯ್ತು.”

“ಗೊತ್ತಿದ್ದೂ ಒಂದು ಮಾತು ಕೇಳ್ಲಿಲ್ಲ ನೀವು.”

“ಕೇಳಿದ್ರೆ ನಿಲ್ಲಿಸಿಬಿಡ್ತೀಯ ಅಂತ.” ಅವನೇ ಮತ್ತೆ ಕೇಳಿದ, “ಯಾಕೆ ಸಾಯಿಸ್ದೆ?” ತಮಾಷೆಯಂತೆ ಕೇಳಬೇಕೆಂದಿದ್ದ. ದನಿ ಹಾಗೆ ಬರಲಿಲ್ಲ.

“ಫೋನ್ ಕೊಡಿ, ಫೋನ್ ಕೊಡಿ ಅಂತ ಜೀವ ತಿಂದ್ರು ರೀ. ಎಲ್ಲಿಂದ ತಂದು ಕೊಡ್ಲಿ ಅವರನ್ನ?”

“ನಾನಿದ್ನಲ್ಲ.”

“ನೀವಾ?” ಅವಳು ಹಂಗಿಸಲಿಲ್ಲ. ನಿಜವಾಗಿಯೂ ತಿಳಿಯಬೇಕೆಂಬಂತೆ ಅವನ ಮುಖ ನೋಡಿ ಕೇಳಿದಳು: “ನೀವು ಏನಂತ ಮಾತಾಡ್ತಿದ್ರಿ?”

ಅವನು ಮಾತು ಹುಡುಕಿದ. ಈ ಸಲ ಅವಳು ಎದ್ದು ಹೋಗಲಿಲ್ಲ. ಕತ್ತಿ ಕೆಳಗಿಟ್ಟು ಕಾದಳು. ಪಕ್ಕದ ಮನೆಯಲ್ಲಿ ಯಾರೋ ನಲ್ಲಿ ತಿರುಗಿಸಿದರು, ಬಕೆಟ್ ತುಂಬಿತು, ನಲ್ಲಿ ನಿಂತಿತು. ಅವಳು ಆಗಲೂ ಕಾಯುತ್ತಿದ್ದಳು. ಅವನ ತುಟಿಗಳು ಒಂದೆರಡು ಸಲ ಬಿಚ್ಚಿಕೊಂಡವು.

“ಒಳ್ಳೆಯವರಿದ್ರು ರೀ ಅವರು,” ಎಂದು ಅವಳು ಕೊನೆಗೆ ಹೇಳಿ, ಒದ್ದೆ ಕೈಗಳಲ್ಲೇ ಮುಖ ಮುಚ್ಚಿಕೊಂಡಳು. ತಾಯಿ ಸತ್ತಾಗ ಅವಳು ಅತ್ತದ್ದನ್ನು ಅವನು ನೋಡಿದ್ದ. ಇದೂ ಅದೇ ಅಳು.

ಹೋಗಿ ಭುಜದ ಮೇಲೆ ಕೈಯಿಡಬೇಕೆಂದು ಒಂದು ಹೆಜ್ಜೆ ಇಟ್ಟ. ಅವಳು ಯಾರಿಗಾಗಿ ಅಳುತ್ತಿದ್ದಾಳೋ ಅವನಿಗೂ ತನಗೂ ಪರಿಚಯವೇ ಇಲ್ಲವೆಂಬುದು ನೆನಪಾಗಿ ನಿಂತುಬಿಟ್ಟ. ಆಮೇಲೆ ಚೀಲವನ್ನು ಗೋಡೆಗೆ ಒರಗಿಸಿ, ಬಾಗಿಲ ಪಕ್ಕದ ಕುರ್ಚಿಯನ್ನು ಸದ್ದಾಗದಂತೆ ಎಳೆದುಕೊಂಡು, ಅಷ್ಟಾಗಿ ಬಳಕೆಯಿಲ್ಲದವರ ಸಾವಿನ ಮನೆಗೆ ಬಂದವನ ಹಾಗೆ ಅದರ ತುದಿಯಲ್ಲಿ ಕೂತುಕೊಂಡ. ಯಾವಾಗ ಎದ್ದರೆ ತಪ್ಪಾಗದು ಎಂಬುದೂ ಅವನಿಗೆ ತಿಳಿಯಲಿಲ್ಲ.