ಅವಳು ಬರೆದದ್ದು ಭಾಲ್ಕಿ, ಬಂದದ್ದು ಔರಾದ

ಬೀದರಿನಲ್ಲಿ ನಮ್ಮದು ಸಣ್ಣ ಆಫೀಸು. ಕಣ್ಣಿನ ತಪಾಸಣೆ ಶಿಬಿರ ನಡೆಸುವವರಿಗೆ ಮೊಬೈಲ್ ಆ್ಯಪ್ ಮಾಡಿಕೊಡುತ್ತೇವೆ. ಆ್ಯಪ್ ತಯಾರಿಸಿ ಹೊರಗೆ ಬಿಡುವ ಕಂಪ್ಯೂಟರ್ ಒಂದೇ. ಅದನ್ನು ಇನ್ವರ್ಟರಿಗೆ ಜೋಡಿಸಿದ್ದೇವೆ, ಯಾರೂ ಆರಿಸುವುದಿಲ್ಲ. ಒಬ್ಬರು ಎದ್ದರೆ ಅವರು ತೆರೆದಿಟ್ಟ ವಿಂಡೋದಲ್ಲೇ ಇನ್ನೊಬ್ಬರು ಕೂತು ಕೆಲಸ ಮುಂದುವರಿಸುವುದು ರೂಢಿ. ನಾನು ಅಲ್ಲಿ ಎಲ್ಲರಿಗಿಂತ ಹಿರಿಯ, ಆ ಜಂಬವೂ ನನಗೆ ಸಾಕಷ್ಟಿತ್ತು.

ಹೋದ ಮಳೆಗಾಲದಲ್ಲಿ ಮೈಲೂರಿನ ಹುಡುಗಿಯೊಬ್ಬಳು ಸೇರಿದಳು. ಈ ಸಲದ ಆ್ಯಪ್ ಸರಿಯಾಗಿ ಮಾಡಿದರೆ ಕಾಯಂ ಮಾಡುತ್ತೇನೆಂದು ಮಾಲೀಕರು ಅವಳಿಗೆ ಮಾತು ಕೊಟ್ಟಿದ್ದರು. ಔರಾದಿನಲ್ಲಿ ಆಗಬೇಕಿದ್ದ ಶಿಬಿರ ಭಾಲ್ಕಿಗೆ ಬದಲಾಯಿತು. ಅವಳು ಫೈಲಿನಲ್ಲಿ ಊರಿನ ಹೆಸರು ತಿದ್ದಿ ಆ್ಯಪ್ ತಯಾರಿಸಿ ಬಿಟ್ಟಳು. ಅವಸರದಲ್ಲಿ ಅದನ್ನು ಯಾರೂ ತೆರೆದು ನೋಡಲಿಲ್ಲ.

ಶಿಬಿರದ ದಿನ ಮೆಹಕರದ ಹೆಣ್ಣುಮಗಳೊಬ್ಬಳ ಫೋನ್ ಬಂತು. "ಅವ್ವಗ ಕಣ್ಣ ಕಾಣಲ್ರಿ. ಮೊಬೈಲದಾಗ ನೋಡಿ ಔರಾದಕ್ಕ ಕರ್ಕೊಂಡ್ ಬಂದೀನಿ. ಇಲ್ಲಿ ಯಾರೂ ಇಲ್ಲಲ್ರಿ." ಅವರಿಗೆ ಭಾಲ್ಕಿಯೇ ಹತ್ತಿರವಿತ್ತು. ಈಗ ಬಸ್ಸು ಹಿಡಿದು ಅಲ್ಲಿ ತಲುಪುವಷ್ಟರಲ್ಲಿ ಶಿಬಿರ ಮುಗಿದಿರುತ್ತಿತ್ತು.

ಮಾಲೀಕರು ಹುಡುಗಿಯನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡರು. "ಊರಿನ ಹೆಸರು ಸುದ್ದಾ ಹಾಕ್ಲಾಕ ಬರಲ್ಲಂದ್ರ ಹ್ಯಾಂಗ? ಕಾಯಂ ಮಾತು ಈಗ ಬ್ಯಾಡ."

"ಫೈಲದಾಗ ಭಾಲ್ಕಿ ಅಂತನೇ ಅದರಿ ಸರ್," ಎಂದಳು. ನಾನು ಕೂತಲ್ಲಿಂದಲೇ, "ಇನ್ನೊಮ್ಮಿ ನೋಡು, ನಿಂದೇ ತಪ್ಪಿರ್ತದ," ಅಂದೆ. ಅವಳು ಮುಖ ತೊಳೆಯಲು ಎದ್ದು ಹೋದಳು.

ಅವಳ ತಪ್ಪು ಹುಡುಕಿ ತೋರಿಸೋಣವೆಂದು ಆ ಕಂಪ್ಯೂಟರ್ ಮುಂದೆ ಕೂತೆ. ಫೈಲಿನಲ್ಲಿ ಭಾಲ್ಕಿ ಎಂದೇ ಇತ್ತು. ಮತ್ತೆ ತಯಾರಿಸಿದರೂ ಆ್ಯಪಿನಲ್ಲಿ ಬಂದದ್ದು ಔರಾದ. ಆಗ ನೆನಪಾಯಿತು. ಶಿಬಿರದ ಊರು ಬದಲಾಗುವ ಮೊದಲು ಪರೀಕ್ಷೆಗೆಂದು ಅದೇ ವಿಂಡೋದಲ್ಲಿ, ಊರು ಔರಾದ ಎಂದು ನಾನು ಕಂಪ್ಯೂಟರಿಗೆ ಹೇಳಿಟ್ಟಿದ್ದೆ, ತೆಗೆಯಲು ಮರೆತಿದ್ದೆ. ವಿಂಡೋದಲ್ಲಿ ಹೆಸರು ಮೊದಲೇ ಹೇಳಿದ್ದರೆ ಅದನ್ನೇ ತೆಗೆದುಕೊ, ಇಲ್ಲದಿದ್ದರೆ ಮಾತ್ರ ಫೈಲಿನದು ಎಂಬ ಸಾಲನ್ನು ಫೈಲಿಗೆ ಸೇರಿಸಿದವನೂ ನಾನೇ. ಅವಳು ಬರೆದದ್ದನ್ನು ಕಂಪ್ಯೂಟರ್ ಒಂದು ಎಚ್ಚರಿಕೆಯನ್ನೂ ಕೊಡದೆ ಬದಿಗಿಟ್ಟಿತ್ತು.

ಮಾಲೀಕರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ನಕ್ಕುಬಿಟ್ಟರು. "ಹೋಗ್ಲಿ ಬಿಡ್ರಿ, ಕಂಪ್ಯೂಟರ್ ಅಂದಮ್ಯಾಲ ಹಿಂಗ ಆಗ್ತದ. ಮನಸ್ಸಿಗಿ ಹಚ್ಕೋಬ್ಯಾಡ್ರಿ."

"ಆಕಿಗಿ ಒಂದ್ ಮಾತು ಹೇಳ್ರಿ," ಅಂದೆ.

"ಬೈದ್ ಆಗ್ಯಾದ. ಮತ್ತ ಕರ್ದು ಹೇಳಿದ್ರ ಛಂದ ಕಾಣಲ್ಲ. ಕಾಯಂದು ಮುಂದ ನೋಡಮ್."

ನಾನು ಅಲ್ಲೇ ಪಟ್ಟು ಹಿಡಿಯಬೇಕಿತ್ತು, ಹಿಡಿಯಲಿಲ್ಲ. ಅವರ ಎದುರು ಆರಾಮಾಗಿ ಕೂತೇ ಇದ್ದೆ. ಹೊರಗೆ ಬಂದು ಹುಡುಗಿಗೆ ನಾನೇ ಹೇಳಿದೆ, ತಪ್ಪು ನಂದು ಅಂದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಅವಳ ಮುಖದಲ್ಲಿ ಸಿಟ್ಟು ಕಾಣಲಿಲ್ಲ, ಅದು ನನಗೆ ಇನ್ನೂ ಕಷ್ಟವಾಯಿತು.

"ನಿಮಗ ಏನಂದ್ರು ಸರ್ ಅವ್ರು?" ಎಂದು ಕೇಳಿದಳು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಚಾ ಕುಡಿಸಿದ್ರು," ಅಂದೆ.